ಬೀಜ, ನೆಲ, ಎಳನೀರು

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಕೆಲವು ಕಾಯಿಲೆಗಳನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಸಿಡುಬನ್ನು ‘ಅಮ್ಮ’ ಎಂದು ಪೂಜಿಸಿ ಕಳುಹಿಸಿದೆವು. ಕ್ಯಾನ್ಸರನ್ನು ಇಂದಿಗೂ ‘ಆ ಕಾಯಿಲೆ’ ಎನ್ನುತ್ತೇವೆ. ಹೆಸರು ಹೇಳಿದರೆ ಎಲ್ಲಿ ಕೇಳಿಸಿಕೊಂಡು ಬಂದುಬಿಡುವುದೋ ಎಂಬ ಅಂಜಿಕೆ ಆ ‘ಆ’ಕಾರದ ಹಿಂದಿದೆ. ಅದು ಹೆಂಗಸರ ಎದೆಯಲ್ಲಿ ಕಾಣಿಸಿಕೊಂಡರಂತೂ ‘ಆ ಕಾಯಿಲೆ’ ಎಂಬ ಮಾತೂ ಇಲ್ಲ, ಬರಿಯ ಮೌನ.

ನನ್ನ ಅಕ್ಕ ಈ ಮೌನವನ್ನು ಒಂದು ವರ್ಷಕ್ಕೂ ಮಿಗಿಲಾಗಿ ಪಾಲಿಸಿದಳು. ಆಕೆಯನ್ನು ಕೊಟ್ಟದ್ದು ತುರುವೇಕೆರೆಯ ಕಡೆಗೆ, ತೆಂಗಿನ ತೋಟದ ಮನೆಗೆ. 1987ರ ಬೇಸಿಗೆಯಲ್ಲಿ ಎಡಗಡೆಯ ಎದೆಯಲ್ಲಿ ಹುಣಸೆ ಬೀಜದಷ್ಟು ಗಂಟು ಕೈಗೆ ಸಿಕ್ಕಿತಂತೆ. ನೋವಿಲ್ಲದ ಗಂಟು, ನೋವಿಲ್ಲದ್ದನ್ನು ಯಾರಿಗೆ ತಾನೆ ಹೇಳುವುದು? ಮರುವರ್ಷದ ಯುಗಾದಿಯ ಹೊತ್ತಿಗೆ ಬೆನ್ನು ನೋಯಲು ತೊಡಗಿತು. ಕಾಯಿ ಹೊತ್ತ ನೋವೆಂದು ಎಣ್ಣೆ ತಿಕ್ಕಿದರು. ಗಂಟನ್ನು ಕಂಡ ಒಬ್ಬ ನಾಟಿ ವೈದ್ಯರು ಸೊಪ್ಪಿನ ಪಟ್ಟು ಹಾಕಿ, “ಕತ್ತಿ ಸೋಕಿಸಬೇಡಿ, ಸೂಜಿ ಚುಚ್ಚಿಸಬೇಡಿ, ಮೈಯೆಲ್ಲ ಹರಡುತ್ತದೆ” ಎಂದು ಕಟ್ಟೆಚ್ಚರ ಹೇಳಿದರು. ಕಡೆಗೆ ಆ ಶ್ರಾವಣದಲ್ಲಿ ನಾನು ಆಕೆಯನ್ನು ಬೆಂಗಳೂರಿಗೆ ಕರೆದೊಯ್ದೆ. ಸೂಜಿಯಿಂದ ಪರೀಕ್ಷೆಯಾಯಿತು. ಹದಿನೈದು ದಿನದಲ್ಲಿ, ಅದು ಬೆನ್ನೆಲುಬಿಗೂ ಹೋಗಿದೆ ಎಂದು ವೈದ್ಯರು ತಿಳಿಸಿದರು. 1990ರ ಮಾಘದಲ್ಲಿ ಅಕ್ಕ ತೀರಿಕೊಂಡಳು.

“ಸೂಜಿ ಚುಚ್ಚಿಸಿದಿರಿ, ಹರಡಿತು” ಎಂದು ನಮ್ಮವ್ವ ಹೇಳಿದಳು. ಹೇಳಿದ್ದು ಒಂದೇ ಸಲ. ಕರೆದುಕೊಂಡು ಹೋದವನು ನಾನು. ಆಗ ನನಗೆ ಇಪ್ಪತ್ತೇಳರಿಂದ ಇಪ್ಪತ್ತೊಂಬತ್ತರ ವಯಸ್ಸು. ಕನ್ನಡ ಉಪನ್ಯಾಸಕನಾಗಿ ಸೇರಿ ಎರಡು ಮೂರು ವರ್ಷ. ಅವ್ವನಿಗೆ ಉತ್ತರ ಕೊಡಬಲ್ಲ ತಿಳಿವಳಿಕೆ ನನ್ನಲ್ಲಿರಲಿಲ್ಲ. ಪಂಪನ ಬಗೆಗೆ ಎರಡು ಗಂಟೆ ಮಾತನಾಡಬಲ್ಲವನಾಗಿದ್ದೆ; ಎದೆಯ ಗಂಟು ಬೆನ್ನಿಗೆ ಹೋದುದು ಹೇಗೆಂಬುದಕ್ಕೆ ಎರಡು ಮಾತು ಗೊತ್ತಿರಲಿಲ್ಲ. ಆಮೇಲಿನ ವರ್ಷಗಳಲ್ಲಿ, ಬಿಡುವಿದ್ದಾಗಲೆಲ್ಲ, ಈ ‘ಹರಡುವಿಕೆ’ಯ ಚರಿತ್ರೆಯನ್ನು ಓದುತ್ತ ಬಂದೆ. ವೈದ್ಯನಲ್ಲದವನ ಓದು ಅದು. ಆದರೆ ಚರಿತ್ರೆ ಎಲ್ಲರಿಗೂ ಸೇರಿದ್ದಲ್ಲವೆ?

ಮೊದಲು ಶಬ್ದವಿಚಾರ. ನಾವು ಇಂದು ‘ಅರ್ಬುದ’ ಎಂಬ ಮಾತನ್ನು ಕ್ಯಾನ್ಸರಿಗೆ ಬಳಸುತ್ತೇವೆ. ಇದು ಸುಶ್ರುತ ಸಂಹಿತೆಯ ಮಾತು. ಅಲ್ಲಿ ‘ಗ್ರಂಥಿ’ ಬೇರೆ, ‘ಅರ್ಬುದ’ ಬೇರೆ. ಗ್ರಂಥಿ ಎಂಬುದೇ ನಮ್ಮ ಆಡುಮಾತಿನಲ್ಲಿ ಗಂತಿ ಆಗಿ ಉಳಿದಿದೆ. ಬೆರಗಿನ ಸಂಗತಿಯೆಂದರೆ, ಮೊದಲು ಹುಟ್ಟಿದ ಅರ್ಬುದದ ಮೇಲೆಯೇ ಮತ್ತೊಂದು ಹುಟ್ಟಿದರೆ ಅದು ‘ಅಧ್ಯರ್ಬುದ’, ಎರಡು ಒಟ್ಟಿಗೆ ಅಥವಾ ಒಂದಾದ ಮೇಲೊಂದು ಹುಟ್ಟಿದರೆ ‘ದ್ವಿರರ್ಬುದ’ ಎಂದು ಆ ಪ್ರಾಚೀನರು ಹೆಸರಿಟ್ಟು, ಇವು ವಾಸಿಯಾಗುವಂಥವಲ್ಲವೆಂದು ಬರೆದಿಟ್ಟರು. ಹರಡುವ ರೋಗವಿದು ಎಂಬುದು ಕಣ್ಣಿಗೆ ಬಿದ್ದಿತ್ತು. ಹರಡುವ ಬಗೆ ತಿಳಿದಿರಲಿಲ್ಲ. ಗ್ರೀಕರು ಏಡಿಯ ಕಾಲುಗಳಂತೆ ಚಾಚಿಕೊಂಡ ರಕ್ತನಾಳಗಳನ್ನು ಕಂಡು ‘ಕಾರ್ಕಿನೋಸ್’, ಎಂದರೆ ಏಡಿ, ಎಂದರು. ನಮ್ಮ ‘ಕರ್ಕಾಟಕ’ಕ್ಕೂ ಅದಕ್ಕೂ ಇರುವ ನಂಟನ್ನು ಭಾಷಾವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಹೀಗಾಗಿ ಇತ್ತೀಚಿನವರು ಕನ್ನಡದಲ್ಲಿ ಕಟ್ಟಿದ ‘ಏಡಿಗಂತಿ’ ಎಂಬ ಮಾತಿನಲ್ಲಿ ಗ್ರೀಕರ ಏಡಿಯೂ ಸುಶ್ರುತನ ಗ್ರಂಥಿಯೂ ಜೊತೆಯಾಗಿ ಕುಳಿತಿವೆ. ಒಳ್ಳೆಯ ಮಾತು, ಬಳಕೆಗೆ ಅಷ್ಟಾಗಿ ಬರಲಿಲ್ಲ.

ಒಂದೆಡೆ ಹುಟ್ಟಿ ಇನ್ನೊಂದೆಡೆ ನೆಲೆಯೂರುವುದಕ್ಕೆ ‘ಮೆಟಾಸ್ಟಾಸಿಸ್’ ಎಂದು ಹೆಸರು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದೊಂದು ಕುತೂಹಲದ ಸಂಗತಿ: ಇದು ಮೂಲತಃ ಅಲಂಕಾರಶಾಸ್ತ್ರದ ಪದ. ಭಾಷಣಕಾರನು ಒಂದು ವಿಷಯದಿಂದ ಇನ್ನೊಂದಕ್ಕೆ ಥಟ್ಟನೆ ಜಿಗಿಯುವುದನ್ನು ಅದು ಸೂಚಿಸುತ್ತಿತ್ತು. ಅದನ್ನು ಕ್ಯಾನ್ಸರಿನ ಹರಡುವಿಕೆಗೆ ಅನ್ವಯಿಸಿದವನು ಫ್ರಾನ್ಸಿನ ವೈದ್ಯ ರೆಕಾಮಿಯೆ, 1829ರಲ್ಲಿ. ಹೀಗೆ ಈ ವಿದ್ಯೆಯ ತೊಟ್ಟಿಲಲ್ಲೇ ಮಾತುಗಾರಿಕೆಯ ಒಂದು ಪದ ಬಂದು ಸೇರಿಕೊಂಡಿತು.

1858ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ದೇಹವೆಂಬುದು ಜೀವಕೋಶಗಳ ರಾಜ್ಯವೆಂದೂ, ಪ್ರತಿಯೊಂದು ಜೀವಕೋಶವೂ ಅದರ ಪ್ರಜೆಯೆಂದೂ, ರೋಗವೆಂದರೆ ಪ್ರಜೆಗಳ ಕಲಹವೆಂದೂ ಸಾರಿದನು. ಆತ ರಾಜಕಾರಣಿಯೂ ಆಗಿದ್ದುದರಿಂದ ಈ ಉಪಮೆ ಸಹಜವೇ ಸರಿ. ಆದರೆ ಆ ಪ್ರಜೆಗಳು ಒಬ್ಬರೊಡನೊಬ್ಬರು ಏನು ಮಾತನಾಡಿಕೊಳ್ಳುತ್ತಾರೆ ಎಂಬುದನ್ನು ಕೇಳುವ ಕಿವಿ ಆ ಕಾಲಕ್ಕೆ ಇರಲಿಲ್ಲ. ಎದೆಯ ಕ್ಯಾನ್ಸರು ಊರಿದ ಜಾಗದಿಂದ ಸುತ್ತಲ ಕಡೆಗೆ ಬಳ್ಳಿಯಂತೆ ಹಬ್ಬುತ್ತದೆಂದು ನಂಬಿದ ಅಮೆರಿಕದ ಹಾಲ್ಸ್ಟೆಡ್, 1890ರ ದಶಕದಲ್ಲಿ ಸ್ತನವನ್ನೂ ಕೆಳಗಿನ ಮಾಂಸಖಂಡಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆದುಹಾಕುವ ಘೋರ ಶಸ್ತ್ರಕ್ರಿಯೆಯನ್ನು ರೂಢಿಗೆ ತಂದನು. ಮುಕ್ಕಾಲು ಶತಮಾನ ಜಗತ್ತಿನ ಹೆಂಗಸರು ಅದನ್ನು ತಾಳಿಕೊಂಡರು. ಬರ್ನಾರ್ಡ್ ಫಿಷರ್ ನಡೆಸಿದ ದೀರ್ಘ ಪರೀಕ್ಷೆಗಳ ಫಲ 1985ರಲ್ಲಿ ಪ್ರಕಟವಾದ ಮೇಲಷ್ಟೆ, ಮೊದಲ ಹಂತದ ರೋಗದಲ್ಲಿ ಗಂಟನ್ನಷ್ಟೆ ತೆಗೆದು ವಿಕಿರಣ ಕೊಟ್ಟರೂ ಆಯುಸ್ಸು ಅಷ್ಟೇ ಎಂಬುದು ಸ್ಥಿರಪಟ್ಟಿತು. ನಮ್ಮ ಹಳ್ಳಿಗಳಲ್ಲಿ ‘ಕತ್ತಿ’ಯ ಭಯಕ್ಕೆ ಹಾಲ್ಸ್ಟೆಡ್ಡನ ಕತ್ತಿಯ ಪಾಲೂ ಇದ್ದಿತೆಂದು ನಾನು ಎಣಿಸುತ್ತೇನೆ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. 1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದನು. ಸ್ತನದ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ಮರಣೋತ್ತರ ವರದಿಗಳನ್ನು ಆತ ಹರಡಿಕೊಂಡು ಕುಳಿತಿದ್ದನು. ರೋಗದ ಕಣಗಳು ರಕ್ತದಲ್ಲಿ ತೇಲಿಹೋಗಿ ಎಲ್ಲೆಂದರಲ್ಲಿ ಸಿಕ್ಕಿಬೀಳುವುದಾದರೆ, ರಕ್ತ ಧಾರಾಳವಾಗಿ ಹರಿಯುವ ಅಂಗಗಳಿಗೆಲ್ಲ ಸಮನಾಗಿ ತಗಲಬೇಕಲ್ಲವೆ? ಹಾಗೆ ಕಾಣಲಿಲ್ಲ. ಯಕೃತ್ತಿನಲ್ಲಿ 241 ಸಲ ಕಂಡದ್ದು, ಗುಲ್ಮದಲ್ಲಿ 17 ಸಲ ಮಾತ್ರ. ಎಲುಬುಗಳಲ್ಲಿಯೂ ಕೆಲವಕ್ಕೆ ತಗಲುವುದು, ಕೆಲವಕ್ಕೆ ತಗಲದಿರುವುದು. ಇದು ಕುರುಡು ಹಾಯುವಿಕೆಯಲ್ಲವೆಂದು ಪೇಜೆಟ್ ತೀರ್ಮಾನಿಸಿದನು. ಗಿಡವೊಂದು ಬೀಜಕ್ಕೆ ಬಿಟ್ಟಾಗ ಬೀಜಗಳು ಎಲ್ಲ ದಿಕ್ಕಿಗೂ ಹಾರುತ್ತವೆ. ಮೊಳೆಯುವುದು ಒಗ್ಗಿದ ನೆಲದಲ್ಲಿ ಮಾತ್ರ. ಬೀಜವನ್ನು ಎಲ್ಲರೂ ಪರೀಕ್ಷಿಸುತ್ತಿದ್ದಾರೆ, ನೆಲವನ್ನೂ ನೋಡೋಣ ಎಂಬುದು ಆತನ ಬಿನ್ನಹ.

ಇದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ತೋಟ ಕಣ್ಣೆದುರು ನಿಂತಿತು. ತೆಂಗಿನ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕೆ? ಒಂದೇ ಮರದ ಹತ್ತು ಕಾಯಿಗಳನ್ನು ಹತ್ತು ಕಡೆ ಊರಿದರೆ ಕೆರೆಯ ಹಿಂಬದಿಯ ಮಣ್ಣಿನಲ್ಲಿ ಬೆಳೆದಂತೆ ಗುಡ್ಡದ ಜಲ್ಲಿಯಲ್ಲಿ ಬೆಳೆಯದು. ಆದರೂ ವೈದ್ಯಲೋಕ ಪೇಜೆಟ್ಟನ ಮಾತನ್ನು ಬಹಳ ಕಾಲ ಮೂಲೆಗಿಟ್ಟಿತು. 1928ರಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್, ನೆಲವೂ ಇಲ್ಲ ಬೀಜವೂ ಇಲ್ಲ, ನಾಳಗಳು ಹರಿಯುವ ದಾರಿಯೇ ಎಲ್ಲಕ್ಕೂ ಉತ್ತರ ಎಂದನು. ಆತನ ಮಾತಿಗೆ ತೂಕವಿತ್ತು. 1980ರಲ್ಲಿ ಇಯಾನ್ ಹಾರ್ಟ್ ಮತ್ತು ಐಸಾಯ ಫಿಡ್ಲರ್ ಎಂಬಿಬ್ಬರು ಇಲಿಯ ಸ್ನಾಯುವಿನಲ್ಲಿ ಶ್ವಾಸಕೋಶ, ಅಂಡಾಶಯ, ಮೂತ್ರಪಿಂಡಗಳ ಚೂರುಗಳನ್ನು ನಾಟಿ ಮಾಡಿ, ರಕ್ತಕ್ಕೆ ಕ್ಯಾನ್ಸರಿನ ಕೋಶಗಳನ್ನು ಬಿಟ್ಟು ನೋಡಿದರು. ಮೊದಲೆರಡರ ಚೂರುಗಳಲ್ಲಿ ಗೆಡ್ಡೆ ಎದ್ದಿತು. ಮೂತ್ರಪಿಂಡದ ಚೂರಿನಲ್ಲಿ ಏಳಲಿಲ್ಲ. ಪೇಜೆಟ್ ಸತ್ತು ಅರ್ಧ ಶತಮಾನವಾದ ಮೇಲೆ ಆತನಿಗೆ ನ್ಯಾಯ ದೊರಕಿತು.

ನೆಲವು ಬೀಜಕ್ಕೆ ಏನನ್ನು ಹೇಳುತ್ತದೆ? ಹೇಳುವುದು ಎಂದರೇನು? ಇದರ ಮೊದಲ ಸುಳಿವು ಆಸ್ಪತ್ರೆಯಿಂದ ಬರಲಿಲ್ಲ, ಕೊಟ್ಟಿಗೆಯಿಂದ ಬಂದಿತು. ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಹಾಲೂಡಿಸುವಿಕೆಯ ಮೇಲೆ ಪ್ರಬಂಧ ಬರೆಯುತ್ತಿದ್ದಾಗ, ಕೆಲವು ನಾಡುಗಳಲ್ಲಿ ಈದ ಹಸುವಿನ ಅಂಡಾಶಯವನ್ನು ತೆಗೆದು ಹಾಲು ಬತ್ತದಂತೆ ಮಾಡುವರೆಂಬ ರೈತರ ಅನುಭವವನ್ನು ಕೇಳಿದನು. ಹೊಟ್ಟೆಯ ಕೆಳಗಿನ ಒಂದು ಅಂಗ ದೂರದ ಕೆಚ್ಚಲನ್ನು ಆಳುತ್ತಿದೆ, ನಡುವೆ ತಂತಿಯಿಲ್ಲ, ನರವಿಲ್ಲ! 1896ರಲ್ಲಿ ಆತ, ಸ್ತನದ ಕ್ಯಾನ್ಸರು ಮುಂದುವರಿದಿದ್ದ ಹೆಂಗಸಿನ ಅಂಡಾಶಯಗಳನ್ನು ತೆಗೆದು ಗೆಡ್ಡೆ ಕುಗ್ಗಿದುದನ್ನು ವರದಿ ಮಾಡಿದನು. ‘ಹಾರ್ಮೋನು’ ಎಂಬ ಪದ ಹುಟ್ಟುವುದಕ್ಕೆ ಇನ್ನೂ ಒಂಬತ್ತು ವರ್ಷ ಬೇಕಾಗಿದ್ದಿತು.

ರಕ್ತದಲ್ಲಿ ಹರಿಯುವ ಹಾರ್ಮೋನು ಎಲ್ಲ ಜೀವಕೋಶಗಳನ್ನೂ ತಾಗಿಕೊಂಡೇ ಹೋಗುತ್ತದೆ. ಆದರೆ ಕೆಲವು ಕೋಶಗಳು ಮಾತ್ರ ಓಗೊಡುತ್ತವೆ. ಅವುಗಳಲ್ಲಿ ಆ ಸಂದೇಶವನ್ನು ಹಿಡಿಯುವ ಗ್ರಾಹಕಗಳಿವೆ ಎಂಬುದನ್ನು ಅಮೆರಿಕದ ಎಲ್ವುಡ್ ಜೆನ್ಸನ್ 1950ರ ದಶಕದ ಕೊನೆಯಲ್ಲಿ ತೋರಿಸಿದನು. ನನಗೆ ಇದು ಅರ್ಥವಾದುದು ನಮ್ಮವರೇ ಆದ ತೀ.ನಂ.ಶ್ರೀಕಂಠಯ್ಯನವರ ನೆರವಿನಿಂದ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ಆ ಮಹನೀಯರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಧ್ವನಿಯನ್ನೂ ಸಹೃದಯನನ್ನೂ ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಕಾವ್ಯವು ಸಭೆಯಲ್ಲಿ ಎಲ್ಲರ ಕಿವಿಗೂ ಬೀಳುತ್ತದೆ. ಸಹೃದಯನೊಬ್ಬನಲ್ಲಿ ಮಾತ್ರ ಅರ್ಥ ಪಲ್ಲವಿಸುತ್ತದೆ. ಜೆನ್ಸನ್ನನ ಗ್ರಾಹಕವೆಂದರೆ ಜೀವಕೋಶದ ಸಹೃದಯತೆಯೇ. ಅಲಂಕಾರಶಾಸ್ತ್ರಜ್ಞರು ಕ್ಷಮಿಸಬೇಕು, ಪಾಠ ಹೇಳಿ ಹೇಳಿ ಬಂದ ಚಾಳಿ ಇದು. ಟಮಾಕ್ಸಿಫೆನ್ ಎಂಬ ಮಾತ್ರೆ ಮಾಡುವ ಕೆಲಸ ಆ ಗ್ರಾಹಕದ ಬಾಗಿಲಲ್ಲಿ ತಾನು ಕುಳಿತು, ಮಾತು ಒಳಹೋಗದಂತೆ ತಡೆಯುವುದು. 1970ರ ದಶಕದಲ್ಲಿ ಬಳಕೆಗೆ ಬಂದ ಅದು ಇಂದಿಗೂ ಬಳಕೆಯಲ್ಲಿದೆ.

ಇಲ್ಲಿ ಎಳನೀರಿನ ಪ್ರಸಂಗವೊಂದನ್ನು ಹೇಳದೆ ಮುಂದೆ ಹೋಗಲಾರೆ. ನಾವು ಕುಡಿದು ಬಿಸಾಡುವ ಎಳನೀರು ಸಸ್ಯಶಾಸ್ತ್ರದ ಪ್ರಕಾರ ಒಂದು ವಿಚಿತ್ರ ಪದಾರ್ಥ. ಅದು ಮೊಳಕೆಗಾಗಿ ಕೂಡಿಟ್ಟ ಆಹಾರ; ಎಳೆಯ ಕಾಯಿಯಲ್ಲಿ ಅಸಂಖ್ಯ ಕೋಶಕೇಂದ್ರಗಳು ಗೋಡೆಯಿಲ್ಲದೆ ಒಂದೇ ನೀರಿನಲ್ಲಿ ತೇಲುತ್ತಿರುತ್ತವೆ. ಕಾಯಿ ಬಲಿಯುತ್ತ ಬಂದಂತೆ ಚಿಪ್ಪಿನ ಅಂಚಿನಿಂದ ಗೋಡೆಗಳು ಏಳುತ್ತವೆ; ಮೊದಲು ಗಂಜಿ, ಆಮೇಲೆ ಕಾಯಿ, ಕೊನೆಗೆ ಕೊಬ್ಬರಿ. ಗೋಡೆಯಿಲ್ಲದ ಕೂಡುಕುಟುಂಬವೊಂದು ಪಾಲಾಗಿ ಮನೆಮನೆಯಾದಂತೆ. ಸಸ್ಯಭ್ರೂಣಶಾಸ್ತ್ರದಲ್ಲಿ ಪಳಗಿದವರಾಗಿದ್ದ ಬಿ.ಜಿ.ಎಲ್.ಸ್ವಾಮಿಯವರು ಇದರ ಬಗೆಗೆ ನಮಗೆ ಒಂದು ಹರಟೆ ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು! ಇರಲಿ. 1941ರಲ್ಲಿ ವಾನ್ ಓವರ್ಬೀಕ್ ಎಂಬ ವಿಜ್ಞಾನಿ ತನ್ನ ಸಂಗಡಿಗರೊಡನೆ, ತೀರ ಎಳೆಯ ದತ್ತೂರಿ ಭ್ರೂಣಗಳನ್ನು ಬೀಜದಿಂದ ಹೊರತೆಗೆದು ಬೆಳೆಸಲು ಹೆಣಗುತ್ತಿದ್ದನು. ಸಕ್ಕರೆ, ಲವಣ, ಯಾವುದಕ್ಕೂ ಅವು ಬಗ್ಗಲಿಲ್ಲ. ತೆಂಗಿನ ನೀರು ಹನಿಸಿದೊಡನೆ ಬೆಳೆದವು. 1948ರಲ್ಲಿ ಎಫ್.ಸಿ.ಸ್ಟೂವರ್ಡ್ ಎಂಬಾತ ಬೆಳೆಯುವುದನ್ನು ನಿಲ್ಲಿಸಿದ್ದ ಗಜ್ಜರಿಯ ಚೂರುಗಳಿಗೆ ಅದನ್ನೇ ಉಣಿಸಿ ಮತ್ತೆ ವಿಭಜನೆಗೆ ತೊಡಗಿಸಿದನು. ಹತ್ತು ವರ್ಷದಲ್ಲಿ ಬಿಡಿ ಕೋಶಗಳಿಂದ ಇಡಿಯ ಗಿಡವನ್ನೇ ಎಬ್ಬಿಸಿದನು. ನೀರಿನಲ್ಲಿದ್ದುದು ಬರಿಯ ಊಟವಲ್ಲ, ‘ಬೆಳೆ’ ಎಂಬ ಆಜ್ಞೆ. ಆ ಆಜ್ಞೆಯ ರಾಸಾಯನಿಕಗಳಲ್ಲಿ ಒಂದಾದ ಜಿಯಾಟಿನ್ ಎಳನೀರಿನಲ್ಲಿರುವುದು 1974ರಲ್ಲಿ ಖಚಿತವಾಯಿತು. ಎಳನೀರು ಕುಡಿದರೆ ಕ್ಯಾನ್ಸರ್ ಬರುತ್ತದೆಯೆ, ಹೋಗುತ್ತದೆಯೆ ಎಂದು ಯಾರೂ ಕೇಳಬಾರದು. ಎರಡೂ ಇಲ್ಲ, ಅದು ಸಸ್ಯಗಳ ಭಾಷೆ, ನಮ್ಮ ಕೋಶಗಳದು ಬೇರೆ ಭಾಷೆ. ಆದರೆ ಸುಮ್ಮನಿರುವ ಕೋಶಕ್ಕೆ ಹೊರಗಿನಿಂದ ಬಂದ ಸಂದೇಶವೊಂದು ಬೆಳೆಯೆಂದು ಹೇಳಬಲ್ಲುದೆಂಬ ಪಾಠದಲ್ಲಿ ನಮ್ಮ ಕಲ್ಪವೃಕ್ಷದ ಪಾಲೂ ಇದೆ.

ಅದೇ ಕಾಲದಲ್ಲಿ ಆರ್ಮಿನ್ ಬ್ರೌನ್ ಗಿಡಗಳ ಕಾಂಡದಲ್ಲಿ ಏಳುವ ಗೆಡ್ಡೆಗಳನ್ನು ಅಭ್ಯಸಿಸುತ್ತಿದ್ದನು. ಹೊಗೆಸೊಪ್ಪಿನ ಗಿಡದ ಇಂಥ ಗೆಡ್ಡೆಯ ಅಂಶವನ್ನು ಆರೋಗ್ಯವಂತ ಗಿಡದ ತುದಿಗೆ ಮತ್ತೆ ಮತ್ತೆ ಕಸಿ ಮಾಡಿದಾಗ, ಕೆಟ್ಟ ಕೋಶಗಳ ಸಂತತಿ ಕ್ರಮೇಣ ಸರಿಯಾದ ಎಲೆ ಹೂವುಗಳನ್ನು ಬಿಟ್ಟಿತು. 1959ರ ಮಾತು ಇದು. ಕೆಟ್ಟವನು ಒಳ್ಳೆಯ ಕೇರಿಯಲ್ಲಿದ್ದು ತಿದ್ದಿಕೊಂಡನೆ? ಮೂವತ್ತೆಂಟು ವರ್ಷಗಳ ಮೇಲೆ, 1997ರಲ್ಲಿ, ಮೀನಾ ಬಿಸೆಲ್ಲರ ಪ್ರಯೋಗಶಾಲೆಯಲ್ಲಿ ಮನುಷ್ಯರ ಸ್ತನದ ಕ್ಯಾನ್ಸರ್ ಕೋಶಗಳಲ್ಲಿಯೇ ಇಂಥದೊಂದು ಕಂಡಿತು. ಮೃದುವಾದ ಲೋಳೆಯಲ್ಲಿ ಬೆಳೆಸಿ, ಸುತ್ತಲ ಆಧಾರದಿಂದ ಬರುವ ಒಂದು ಬಗೆಯ ಸಂದೇಶವನ್ನು ತಡೆದಾಗ, ಅಡ್ಡಾದಿಡ್ಡಿ ಬೆಳೆಯುತ್ತಿದ್ದ ಕೋಶಗಳು ಆರೋಗ್ಯವಂತ ಸ್ತನದಲ್ಲಿರುವಂತೆ ದುಂಡಗೆ ಒಪ್ಪವಾಗಿ ಕೂತವು. ಅವುಗಳ ವಂಶವಾಹಿಯ ದೋಷ ಹಾಗೆಯೇ ಇತ್ತು, ನಡತೆ ಬದಲಾಯಿತು.

ನಡುವಿನ ಇನ್ನೊಂದು ಅಧ್ಯಾಯ ಉಂಟು. ವರ್ನರ್ ಲೋವನ್‌ಸ್ಟೈನ್ ಮತ್ತು ಯೋಶಿನೊಬು ಕಾನ್ನೊ 1966ರಲ್ಲಿ ಕೂದಲಿಗಿಂತ ಸಣ್ಣ ಮೊನೆಗಳನ್ನು ಜೀವಕೋಶಗಳಿಗೆ ಚುಚ್ಚಿ ವಿದ್ಯುತ್ತು ಹರಿಸಿ ನೋಡಿದರು. ಆರೋಗ್ಯವಂತ ಯಕೃತ್ತಿನಲ್ಲಿ ಅದು ಕೋಶದಿಂದ ಕೋಶಕ್ಕೆ ಸಲೀಸಾಗಿ ಸಾಗಿತು. ಯಕೃತ್ತಿನ ಕ್ಯಾನ್ಸರಿನಲ್ಲಿ ಸಾಗಲಿಲ್ಲ. ಪಕ್ಕದ ಕೋಶಗಳ ನಡುವೆ ಅತಿಸೂಕ್ಷ್ಮ ನಾಳಗಳಿವೆ. ಅವಕ್ಕೆ ಗ್ಯಾಪ್ ಜಂಕ್ಷನ್ ಎಂದೂ, ಅವನ್ನು ಕಟ್ಟುವ ಪ್ರೋಟೀನುಗಳಿಗೆ ಕನೆಕ್ಸಿನ್ ಎಂದೂ ಹೆಸರು. ಎರಡು ಮನೆಯ ನಡುಗೋಡೆಯಲ್ಲಿ, ಉಪ್ಪು ಮೆಣಸಿನಕಾಯಿ ಕೈಬದಲಿಸಲು ನಮ್ಮ ಹಿಂದಿನವರು ಬಿಡುತ್ತಿದ್ದ ಕಿಂಡಿಯನ್ನು ನೆನೆದುಕೊಳ್ಳಿ. 1991ರಲ್ಲಿ ರೂತ್ ಸೇಗರ್ ಮತ್ತು ಸಂಗಡಿಗರು ಆರೋಗ್ಯವಂತ ಸ್ತನದ ಕೋಶಗಳನ್ನೂ ಕ್ಯಾನ್ಸರಿನ ಕೋಶಗಳನ್ನೂ ಹೋಲಿಸಿ, ಕನೆಕ್ಸಿನ್ 26 ಎಂಬುದು ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲವಾದುದನ್ನು ಕಂಡರು. ಕಥೆ ಸರಳವಾಗಿ ಕಂಡಿತು: ಕ್ಯಾನ್ಸರಿನ ಕೋಶವೆಂದರೆ ಕಿಂಡಿ ಮುಚ್ಚಿಕೊಂಡು, ನೆರೆಯವರ ಮಾತಿಗೆ ಕಿವುಡಾಗಿ, ತನ್ನಷ್ಟಕ್ಕೆ ಬೆಳೆಯುವ ಒಂಟಿಗ.

ಸರಳವಾದ ಕಥೆಗಳು ಬಹುಕಾಲ ಉಳಿಯುವುದಿಲ್ಲ. ಒಂಟಿಗನೆಂದುಕೊಂಡವನು ಒಳ್ಳೆಯ ಮಾತುಗಾರನೆಂದು ತಿಳಿದುಬಂದಿತು. 2014ರಲ್ಲಿ ನಿಕೋಲಾ ಅಚೇಟೊ ಮತ್ತು ಸಂಗಡಿಗರು ಸ್ತನ ಕ್ಯಾನ್ಸರಿನಲ್ಲಿ ರಕ್ತಕ್ಕೆ ಇಳಿದ ಕೋಶಗಳನ್ನು ಪರೀಕ್ಷಿಸಿದರು. ಬಿಡಿಬಿಡಿಯಾಗಿ ಹೋಗುವವೇ ಹೆಚ್ಚು; ಕೈಕೈ ಹಿಡಿದು ಗುಂಪಾಗಿ ಹೋಗುವವು ಅಪರೂಪ. ಆದರೆ ಆ ಗುಂಪುಗಳಿಗೆ ಬೇರೆಡೆ ಬೇರೂರುವ ಶಕ್ತಿ ಒಂಟಿಗಳಿಗಿಂತ 23ರಿಂದ 50 ಪಟ್ಟು ಹೆಚ್ಚು. ಅವನ್ನು ಅಂಟಿಸಿರುವ ಪ್ರೋಟೀನನ್ನು ಕಡಮೆ ಮಾಡಿದರೆ ಹರಡುವಿಕೆಯೂ ತಗ್ಗಿತು. 2016ರಲ್ಲಿ ಜೊವಾನ್ ಮಸಾಗೆಯವರ ತಂಡ ಮಿದುಳಿಗೆ ಹೋದ ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಕೋಶಗಳು ಅಲ್ಲಿಯ ಆಸ್ಟ್ರೋಸೈಟ್ ಎಂಬ ಪೋಷಕ ಕೋಶಗಳೊಡನೆ ಗ್ಯಾಪ್ ಜಂಕ್ಷನ್ ಬೆಸೆದುಕೊಳ್ಳುವುದನ್ನು ತೋರಿಸಿತು. ಸೇಗರ್ ಕಂಡಂತೆ ಹುಟ್ಟೂರಿನಲ್ಲಿ ಕಿಂಡಿ ಮುಚ್ಚಿದವನು ಪರಸ್ಥಳದಲ್ಲಿ ತಾನೇ ಗೋಡೆ ಕೊರೆದು ಕಿಂಡಿ ಇಡುತ್ತಾನೆ! ಆ ಕಿಂಡಿಯಿಂದ ಒಂದು ಸಣ್ಣ ಅಣುವನ್ನು ದಾಟಿಸಿ, ಮಿದುಳಿನ ಕೋಶವು ತನ್ನ ರಕ್ಷಣೆಗೆ ಬೇಕಾದ ವಸ್ತುಗಳನ್ನು ಸ್ರವಿಸುವಂತೆ ಮಾಡಿಕೊಳ್ಳುತ್ತಾನೆ. ಇಲಿಗಳಲ್ಲಿ ಈ ಕಿಂಡಿಗಳನ್ನು ಮದ್ದಿನಿಂದ ಮುಚ್ಚಿದಾಗ ಗೆಡ್ಡೆಗಳು ಕುಗ್ಗಿದವು. ಇಲಿಗಳಲ್ಲಿ ಎಂಬುದನ್ನು ಒತ್ತಿ ಹೇಳುತ್ತೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ವಿಚಾರಗಳ ಸಂಶೋಧನೆ ನಡೆದಿದೆ. ಆಧಾರದಿಂದ ಕಳಚಿದ ಮಾಮೂಲು ಕೋಶ ಸಾಯಬೇಕು. ಕಳಚಿಯೂ ಸ್ತನ ಕ್ಯಾನ್ಸರಿನ ಕೋಶ ಹೇಗೆ ಬದುಕುಳಿಯುತ್ತದೆಂಬುದನ್ನು ಅನ್ನಪೂರ್ಣಿ ರಂಗರಾಜನ್ ಅವರು ಅಭ್ಯಸಿಸುತ್ತ ಬಂದಿದ್ದಾರೆ. ಕೋಶಗಳು ಅರ್ಧ ಕಳಚಿ ಅರ್ಧ ಅಂಟಿಕೊಂಡು ಗುಂಪಾಗಿ ಚಲಿಸುವ ನಡುವಣ ಸ್ಥಿತಿಯನ್ನು, ಅದರಲ್ಲಿ ನೆರೆಕೋಶಗಳ ಸಂದೇಶದ ಪಾತ್ರವನ್ನು ಮೋಹಿತ್ ಕುಮಾರ್ ಜಾಲಿಯವರು ಗಣಿತದ ಮಾದರಿಗಳಿಂದ ವಿವರಿಸಿದ್ದಾರೆ. ಬಿಸೆಲ್ಲರ ಬಳಿ ದುಡಿದು ಬಂದ ರಾಮರಾಯ್ ಭಟ್ಟರ ತಂಡ, ಕೋಶಗಳ ಮೇಲ್ಮೈಯಲ್ಲಿರುವ ಒಂದು ಬಗೆಯ ಸಕ್ಕರೆಯ ಅಂಶ ಗೆಡ್ಡೆಯೊಳಗೆ ಒಂದೇ ಸಮನಾಗಿರದೆ ಹೆಚ್ಚುಕಡಮೆಯಾಗಿರುವುದೇ ಸ್ತನ ಕ್ಯಾನ್ಸರಿನ ಆಕ್ರಮಣಕ್ಕೆ ಒತ್ತಾಸೆಯಾಗುವುದನ್ನು 2021ರಲ್ಲಿ ಪ್ರಕಟಿಸಿತು. ಎಣಿಕೆಯ ಕೆಲಸವೂ ಬೆಂಗಳೂರಿನಲ್ಲಿ ಮೊದಲಾಗಿದ್ದಿತು. 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿ ನಡೆದಿದೆ. ಮೊದಲ ವರ್ಷಗಳ ಪಟ್ಟಿಯಲ್ಲಿ ಹೆಂಗಸರಿಗೆ ಹೆಚ್ಚಾಗಿ ಕಂಡದ್ದು ಗರ್ಭಕೊರಳಿನ ಕ್ಯಾನ್ಸರು. ಈಗ ಆ ಮೊದಲ ಸ್ಥಾನಕ್ಕೆ ಸ್ತನದ್ದು ಬಂದಿದೆ.

ನಾನು ಹುಡುಕುತ್ತಿದ್ದುದು ಎಲುಬಿನ ಉತ್ತರವನ್ನು. ಅದು ಎರಡು ಕಂತಿನಲ್ಲಿ ಸಿಕ್ಕಿತು. ಸ್ತನ ಕ್ಯಾನ್ಸರಿನ ಕೋಶಗಳ ಮೇಲೆ ಒಂದು ಬಗೆಯ ಗ್ರಾಹಕ ಹೇರಳವಾಗಿರುವುದನ್ನೂ, ಅದಕ್ಕೆ ಒಗ್ಗುವ ಸಂದೇಶವನ್ನು ಎಲುಬಿನ ಮಜ್ಜೆ, ಶ್ವಾಸಕೋಶ, ಯಕೃತ್ತು, ದುಗ್ಧಗ್ರಂಥಿಗಳು ಹೊರಸೂಸುವುದನ್ನೂ 2001ರಲ್ಲಿ ತೋರಿಸಿದರು. ಪೇಜೆಟ್ಟನ ಪಟ್ಟಿಯ ಅಂಗಗಳೇ ಇವು! ನೆಲ ಕರೆಯುತ್ತಿತ್ತು. ಎರಡನೆಯದು ಎಲುಬಿಗೆ ಸೇರಿದ ಮೇಲಿನ ವ್ಯವಹಾರ. ನಮ್ಮ ಎಲುಬು ಕಲ್ಲಲ್ಲ. ಅದನ್ನು ಕರಗಿಸುವ ಕೋಶಗಳೂ ಕಟ್ಟುವ ಕೋಶಗಳೂ ದಿನವೂ ಕೆಲಸದಲ್ಲಿರುತ್ತವೆ. ಬಂದು ಸೇರಿದ ಕ್ಯಾನ್ಸರ್ ಕೋಶ ಕಟ್ಟುವವರ ಮೂಲಕ ಕರಗಿಸುವವರಿಗೆ ಹೇಳಿಕಳುಹಿಸುತ್ತದೆ, ಇನ್ನಷ್ಟು ಕರಗಿಸಿ ಎಂದು. ಎಲುಬು ಕರಗಿದಾಗ ಅದರಲ್ಲಿ ಹುದುಗಿದ್ದ ಬೆಳವಣಿಗೆಯ ರಸಗಳು ಹೊರಬಂದು ಕ್ಯಾನ್ಸರಿಗೆ ಗೊಬ್ಬರವಾಗುತ್ತವೆ; ಬೆಳೆದ ಕ್ಯಾನ್ಸರು ಮತ್ತಷ್ಟು ಹೇಳಿಕಳುಹಿಸುತ್ತದೆ. ಈ ವಿಷಚಕ್ರವನ್ನು ಗ್ರೆಗರಿ ಮುಂಡಿ, ತೆರೇಸಾ ಗೈಸ್ ಮೊದಲಾದವರು 1990ರ ದಶಕದಲ್ಲಿ ಬಿಡಿಸಿಟ್ಟರು. ಕಟ್ಟುವವರಿಂದ ಕರಗಿಸುವವರಿಗೆ ಹೋಗುವ ಆ ಓಲೆಯನ್ನು ನಡುವೆಯೇ ಹಿಡಿಯುವ ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದು 2010ರಲ್ಲಿ ಬಳಕೆಗೆ ಬಂದಿತು. ಅದು ರೋಗವನ್ನು ಕಳೆಯುವುದಿಲ್ಲ, ಎಲುಬು ಮುರಿಯುವುದನ್ನೂ ನೋವನ್ನೂ ತಡಮಾಡುತ್ತದೆ. ಅಕ್ಕನ ಕಾಲಕ್ಕೆ ಅದಿರಲಿಲ್ಲ.

ಕೆಲವು ಕೋಶಗಳು ಮಜ್ಜೆಯಲ್ಲಿ ವರ್ಷಾನುಗಟ್ಟಲೆ ತೆಪ್ಪಗೆ ಮಲಗಿರುವುದೂ ಉಂಟು. ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುತ್ತೇವೆ. ಬೇಸಾಯಗಾರ ಮರೆತಿರುತ್ತಾನೆ, ಒಳಗೊಳಗೇ ನೀರು ಆರುತ್ತಿರುತ್ತದೆ. ಅಂಥದರಲ್ಲಿಯೂ ಒಂದೆರಡು ಮೊಳೆತುಬಿಡುವುದುಂಟು. ಯಾವ ಕಾಯಿ ಯಾಕೆ ಮೊಳೆಯಿತೆಂದು ಹೇಳುವುದು ಕಷ್ಟ. ಮಲಗಿದ ಕೋಶವನ್ನು ಸುತ್ತಲಿನವರ ಯಾವ ಮಾತು ಎಬ್ಬಿಸುತ್ತದೆ, ಯಾವುದು ಮಲಗಿಸಿಯೇ ಇಡುತ್ತದೆ ಎಂಬುದರ ಮೇಲೆ ಈಗ ಬಹಳ ಮಂದಿ ಕೆಲಸ ಮಾಡುತ್ತಿದ್ದಾರೆ.

ಹರಡುವುದೆಂಬ ಮಾತಿಗೆ ನಮ್ಮವರು ಇನ್ನೊಂದು ಅರ್ಥವನ್ನೂ ಹಚ್ಚಿದ್ದರು. ಅಕ್ಕನ ತಟ್ಟೆ ಲೋಟಗಳನ್ನು ಬೇರೆ ಇಟ್ಟಿದ್ದರು. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಇಷ್ಟು ಹೊತ್ತು ನಾನು ಹೇಳಿದ ಮಾತುಕತೆಯೆಲ್ಲ ಒಂದೇ ಮೈಯೊಳಗೆ ನಡೆಯುವುದು. ಅದು ತಟ್ಟೆಯನ್ನು ದಾಟುವುದಿಲ್ಲ, ಮುಟ್ಟಿದರೆ ದಾಟುವುದಿಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರು ಇಂಥವನ್ನೆಲ್ಲ ಹೆಂಗಸರಿಗೆ ಹೆಂಗಸಾಗಿ, ತಿಳಿಗನ್ನಡದಲ್ಲಿ ಹೇಳಲು ತೊಡಗಿದವರಲ್ಲಿ ಮೊದಲಿಗರು. ‘ತಾಯಿ-ಮಗು’ವಿನಂಥ ಅವರ ಪುಸ್ತಕಗಳು ನಮ್ಮೂರಿನ ಮನೆಗಳಲ್ಲಿಯೂ ಇದ್ದವು. ಅವರೂ ಕ್ಯಾನ್ಸರಿನಿಂದಲೇ 1991ರಲ್ಲಿ ತೀರಿಕೊಂಡರು, ಅಕ್ಕ ಹೋದ ಮರುವರ್ಷ. ಅಕ್ಕನ ಪೆಟ್ಟಿಗೆಯಲ್ಲಿಯೂ ಅವರದೊಂದು ಪುಸ್ತಕವಿತ್ತು. ಓದಿದ್ದಳು, ಹೇಳಿಕೊಳ್ಳಲಿಲ್ಲ.

ಸೂಜಿಯ ಪ್ರಶ್ನೆ ಉಳಿಯಿತು. ಸ್ತನದ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷಿಸುವುದರಿಂದ ರೋಗಿಯ ಆಯುಸ್ಸು ಕುಗ್ಗಿತೆಂದು ಇಷ್ಟು ವರ್ಷಗಳ ಅನುಭವದಲ್ಲಿ ವೈದ್ಯರು ಕಂಡಿಲ್ಲ. ಪರೀಕ್ಷೆಯಿಲ್ಲದೆ ಚಿಕಿತ್ಸೆ ಯಾವುದೆಂದು ಗೊತ್ತುಮಾಡಲಾಗುವುದಿಲ್ಲ. ಇದು ಪುಸ್ತಕದ ಉತ್ತರ. ನನ್ನ ಉತ್ತರ ಇದಕ್ಕಿಂತ ಸರಳವಾಗಿದ್ದು, ಕಣ್ಣೆದುರಿಗೇ ಇದ್ದು, ಇಪ್ಪತ್ತು ವರ್ಷ ನನಗೆ ಹೊಳೆಯಲಿಲ್ಲ. ಬೆನ್ನು ನೋಯತೊಡಗಿದ್ದು ಯುಗಾದಿಯಲ್ಲಿ. ಸೂಜಿ ಚುಚ್ಚಿದ್ದು ಶ್ರಾವಣದಲ್ಲಿ.

2008ರಲ್ಲಿ ಊರಿಗೆ ಹೋದಾಗ ಇದನ್ನು ಅವ್ವನಿಗೆ ಹೇಳಿದೆ. ಆಕೆಗೆ ಎಂಬತ್ತು. ಜಗಲಿಯ ಮೇಲೆ ಕುಳಿತು ಸಸಿಮಡಿಗೆ ಬೀಜದ ಕಾಯಿಗಳನ್ನು ಆರಿಸುತ್ತಿದ್ದಳು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರಿನ ಸದ್ದು ಕೇಳಿ, ಎಡಕ್ಕೋ ಬಲಕ್ಕೋ ಇಡುತ್ತಿದ್ದಳು. ಬೀಜದ ಮಾತು, ನೆಲದ ಮಾತು, ಯುಗಾದಿ, ಶ್ರಾವಣ, ಎಲ್ಲವನ್ನೂ ಹೇಳಿದೆ. ಕೈ ನಿಲ್ಲಿಸದೆ ಕೇಳಿದಳು.

“ಯುಗಾದೀಲೇ ಬೆನ್ನು ನೋಯ್ತಿತ್ತು ಅಂತ ನಂಗೂ ಗೊತ್ತಿತ್ತು ಕಣಪ್ಪ” ಎಂದಳು. “ಎಣ್ಣೆ ತಿಕ್ಕಿದೋಳು ನಾನೇ ಅಲ್ವ.”

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಾಯಿಯನ್ನು ಕೈಗೆ ತೆಗೆದುಕೊಂಡಳು.